ಹೇಳಿ ಬರೆಯಿಸಿದ ಪರಂಪರೆ: ಶಿಯಾ ‘ಅಮಾಲಿ’ ಗ್ರಂಥಗಳನ್ನು ಕುರಿತು

ಹಂಗಾರಕಟ್ಟೆಯ ಅಳಿವೆಯಿಂದ ಸೀತಾನದಿಯ ಜಾಡು ಹಿಡಿದು ಒಳನಾಡಿಗೆ ಸಾಗಿದರೆ ಕೆಲವೇ ಕಿಲೋಮೀಟರುಗಳಲ್ಲಿ ಬಾರಕೂರು ಸಿಗುತ್ತದೆ. 1342ರ ಸುಮಾರಿಗೆ ಈ ಕರಾವಳಿಯನ್ನು ಹಾದುಹೋದ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ ‘ಫಾಕನೂರ್’ ಎಂದು ಕರೆದ ಊರು ಇದೇ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಅಲ್ಲಿ ಮುಸಲ್ಮಾನರ ಸಮುದಾಯವೊಂದು ಇದ್ದುದನ್ನೂ, ಅವರಿಗೊಬ್ಬ ಖಾಜಿಯೂ ಒಬ್ಬ ಪ್ರವಚನಕಾರನೂ ಇದ್ದುದನ್ನೂ, ಅಲ್ಲಿಯ ಅರಸನ ಯುದ್ಧನೌಕೆಗಳನ್ನೂ ಕುರಿತು ಆತ ಹೇಳುತ್ತಾನೆ. ‘ಹೇಳುತ್ತಾನೆ’ ಎಂಬ ಕ್ರಿಯಾಪದವನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು, ಏಕೆಂದರೆ ಆತ ಬರೆಯಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೆ ಫೆಸ್ ನಗರದಲ್ಲಿ ಇಬ್ನ್ ಜುಝಯ್ಯ್ ಎಂಬ ವಿದ್ವಾಂಸನ ಮುಂದೆ ತನ್ನ ಪ್ರಯಾಣವನ್ನು ಹೇಳಿ ಬರೆಯಿಸಿದ. ಆ ಬರಹ 1355ರಲ್ಲಿ ಮುಗಿಯಿತು. ಕಣ್ಣು ಕಂಡದ್ದಕ್ಕೂ ಕೈ ಬರೆದದ್ದಕ್ಕೂ ನಡುವೆ ಹದಿಮೂರು ವರ್ಷಗಳ ಅಂತರವಿದೆ. ಕಂಡವನೇ ಬೇರೆ, ಬರೆದವನೇ ಬೇರೆ. ಆದರೂ ನಮ್ಮ ಊರಿನ ಇತಿಹಾಸವನ್ನು ಬರೆಯುವವರು ಆ ಮಾತನ್ನು ನಂಬಿ ಉದ್ಧರಿಸುತ್ತೇವೆ.

ಹೇಳಿ ಬರೆಯಿಸಿದ ಮಾತನ್ನು ನಂಬುವುದು ಹೇಗೆ, ಎಷ್ಟರಮಟ್ಟಿಗೆ? ಪ್ರವಾಸಕಥನದ ವಿಷಯದಲ್ಲಿ ಇದು ಕುತೂಹಲದ ಪ್ರಶ್ನೆ ಮಾತ್ರ. ದೇವರ ವಾಕ್ಯ ಹಾಗೂ ದೈವಪ್ರೇರಿತರ ವಾಕ್ಯ ಎಂದು ಒಂದು ಸಮುದಾಯವು ಸ್ವೀಕರಿಸುವ ಮಾತಿನ ವಿಷಯದಲ್ಲಿ ಅದು ಜೀವನ್ಮರಣದ ಪ್ರಶ್ನೆಯಾಗುತ್ತದೆ. ಇಸ್ಲಾಂ ಧರ್ಮದ ಪರಿಚಯವನ್ನು ಪಾಠ ಹೇಳುವಾಗ ಗುರುಮಠದ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ತಪ್ಪದೆ ಬರೆಯುವ ವಾಕ್ಯವೊಂದಿದೆ: ಇಸ್ಲಾಂ ಒಂದು ಗ್ರಂಥದ ಧರ್ಮ, ಕ್ರೈಸ್ತ ವಿಶ್ವಾಸವಾದರೋ ಒಬ್ಬ ವ್ಯಕ್ತಿಯನ್ನು ಆಧರಿಸಿದ್ದು. ಅವರಿಗೆ ಅದನ್ನು ಕಲಿಸಿದವನು ಬಹುಶಃ ನಾನೇ. ಆ ವಾಕ್ಯವು ಅರ್ಧಸತ್ಯವೆಂದು ನನಗೆ ಮನವರಿಕೆಯಾದದ್ದು ಮಧ್ಯಯುಗದ ಶಿಯಾ ವಿದ್ವಾಂಸರ ‘ಅಮಾಲಿ’ ಎಂಬ ಗ್ರಂಥಪ್ರಕಾರದ ಪರಿಚಯವಾದ ಮೇಲೆ.

‘ಅಮಾಲಿ’ ಎಂಬುದು ‘ಇಮ್ಲಾ’ ಎಂಬ ಅರಬ್ಬಿ ಪದದ ಬಹುವಚನ. ಇಮ್ಲಾ ಎಂದರೆ ಹೇಳಿ ಬರೆಯಿಸುವುದು. ನಮ್ಮ ಪ್ರಾಥಮಿಕ ಶಾಲೆಗಳ ‘ಉಕ್ತಲೇಖನ’ವೇ ಅದು. ಗುರುವು ಮಸೀದಿಯಲ್ಲಿಯೋ ಮನೆಯಲ್ಲಿಯೋ ಗೊತ್ತಾದ ದಿನ ಆಸೀನನಾಗುತ್ತಾನೆ, ತಾನು ಕೇಳಿ ಕಲಿತ ಹದೀಸುಗಳನ್ನು ಒಂದೊಂದಾಗಿ ಉಚ್ಚರಿಸುತ್ತಾನೆ, ಶಿಷ್ಯರು ಬರೆದುಕೊಳ್ಳುತ್ತಾರೆ. ಸಭೆ ದೊಡ್ಡದಾಗಿದ್ದರೆ ಗುರುವಿನ ಮಾತನ್ನು ಹಿಂದಿನ ಸಾಲುಗಳಿಗೆ ಮುಟ್ಟಿಸಲು ‘ಮುಸ್ತಮ್ಲಿ’ ಎಂಬ ಪುನರುಚ್ಚಾರಕನಿರುತ್ತಾನೆ. ಇಂಥ ಒಂದು ಕೂಟಕ್ಕೆ ‘ಮಜ್ಲಿಸ್’ ಎಂದು ಹೆಸರು. ಮಜ್ಲಿಸುಗಳ ದಾಖಲೆಯನ್ನು ಕ್ರಮವಾಗಿ ಜೋಡಿಸಿದರೆ ಅಮಾಲಿ ಗ್ರಂಥವಾಗುತ್ತದೆ. ಈ ಪದ್ಧತಿ ಶಿಯಾಗಳಿಗೆ ಮಾತ್ರ ಸೀಮಿತವಲ್ಲ. ಸುನ್ನಿ ವಿದ್ವಾಂಸರಲ್ಲಿಯೂ ಅದು ವ್ಯಾಪಕವಾಗಿತ್ತು. ಹನ್ನೆರಡನೆಯ ಶತಮಾನದ ಸಮ್‌ಆನಿ ಎಂಬವರು ಹೇಳಿ ಬರೆಯಿಸುವವರ ಮತ್ತು ಬರೆದುಕೊಳ್ಳುವವರ ನಡವಳಿಕೆ ಹೇಗಿರಬೇಕೆಂದು ಒಂದು ಕೈಪಿಡಿಯನ್ನೇ ರಚಿಸಿದರು.

ಕಾಗದವು ಸುಲಭವಾಗಿ ದೊರೆಯುತ್ತಿದ್ದ ಕಾಲದಲ್ಲಿ, ಪ್ರತಿ ಮಾಡುವ ಲಿಪಿಕಾರರು ಬೇಕಾದಷ್ಟು ಇದ್ದ ನಗರಗಳಲ್ಲಿ, ಇಷ್ಟೊಂದು ಶ್ರಮವೇಕೆ? ಒಂದು ಕಾರಣ ಲಿಪಿಯದು. ಸ್ವರಚಿಹ್ನೆಗಳಿಲ್ಲದ, ಅನೇಕ ವೇಳೆ ಚುಕ್ಕೆಗಳೂ ಇಲ್ಲದ ಅರಬ್ಬಿ ಬರಹವನ್ನು ಬರಿಯ ಕಣ್ಣಿನಿಂದ ಓದಿದವನು ಒಂದು ಹೆಸರನ್ನು ಇನ್ನೊಂದಾಗಿ ಓದಿಬಿಡಬಹುದಾಗಿತ್ತು. ಆದುದರಿಂದ ಹದೀಸು ಶಾಸ್ತ್ರವು ಪ್ರಸರಣದ ಮಾರ್ಗಗಳನ್ನು ತರತಮವಾಗಿ ಎಣಿಸುತ್ತದೆ. ಗುರುವಿನ ಬಾಯಿಂದ ಕೇಳುವುದಕ್ಕೆ ಬಹುಮಂದಿ ಶಾಸ್ತ್ರಕಾರರು ಅಗ್ರಸ್ಥಾನವನ್ನು ಕೊಡುತ್ತಾರೆ. ಗುರುವಿನ ಮುಂದೆ ತಾನು ಓದಿ ಒಪ್ಪಿಸುವುದು ಅದರ ಬಳಿಕ. ಅನುಮತಿಪತ್ರ ಪಡೆದು ಪ್ರಸಾರ ಮಾಡುವುದು ಇನ್ನೂ ಕೆಳಗೆ. ಎಲ್ಲೋ ಸಿಕ್ಕಿದ ಪುಸ್ತಕವನ್ನು ತಾನಾಗಿ ಓದಿ ತಿಳಿದುಕೊಳ್ಳುವುದು ಎಲ್ಲಕ್ಕಿಂತ ಕೆಳಗೆ. ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರದಲ್ಲಿ ಭಾಗವತಿಕೆ ಕಲಿಯುವವರಿಗೆ ಈ ಶ್ರೇಣಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಸಂಗದ ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ. ಅದರ ಪದ್ಯವನ್ನು ಹೇಗೆ ಎತ್ತಿಕೊಳ್ಳಬೇಕೆಂಬುದು ಸಿಗುವುದಿಲ್ಲ.

ಪ್ರತಿಯೊಂದು ಹದೀಸಿಗೂ ಎರಡು ಭಾಗಗಳಿವೆ: ಯಾರಿಂದ ಯಾರು ಕೇಳಿದರೆಂಬ ಹೆಸರುಗಳ ಸರಪಣಿ, ಅದರ ತರುವಾಯ ಹೇಳಿಕೆಯ ಒಡಲು. ಸರಪಣಿಗೆ ‘ಸನದ್’ ಅಥವಾ ‘ಇಸ್ನಾದ್’ ಎನ್ನುತ್ತಾರೆ. ನಮ್ಮ ಹಳೆಯ ಭೂದಾಖಲೆಗಳಲ್ಲಿ ‘ಸನ್ನದು’ ಎಂಬ ಪದವನ್ನು ಕಂಡವರಿಗೆ ಇದು ಪರಿಚಿತವೇ. ಆಧಾರ ಎಂಬುದು ಅದರ ಮೂಲಾರ್ಥ. ಶಿಯಾ ಹದೀಸಿನ ವಿಶೇಷವೆಂದರೆ, ಪ್ರವಾದಿ ಮುಹಮ್ಮದರ ನುಡಿಗಳಷ್ಟೇ ಅಲ್ಲದೆ ಅವರ ವಂಶದ ಇಮಾಮರ ನುಡಿಗಳೂ ಅಲ್ಲಿ ಪ್ರಮಾಣವಾಗುತ್ತವೆ. ಇಮಾಮರು ಶಿಯಾ ಭಾಷೆಯಲ್ಲಿ ‘ಮಾತನಾಡುವ ಕುರ್‌ಆನ್’. ಈ ಒಂದು ಬಿರುದನ್ನು ಕೇಳಿದ ಮೇಲೆ ಗ್ರಂಥದ ಧರ್ಮ, ವ್ಯಕ್ತಿಯ ಧರ್ಮ ಎಂಬ ನಮ್ಮ ಸುಲಭ ವಿಂಗಡಣೆ ಅಲುಗಾಡತೊಡಗುತ್ತದೆ.

ಹನ್ನೆರಡು ಇಮಾಮರನ್ನು ಒಪ್ಪುವ ಶಿಯಾಗಳ ನಂಬಿಕೆಯಂತೆ ಹನ್ನೆರಡನೆಯ ಇಮಾಮರು 874ರಲ್ಲಿ ಮರೆಯಾದರು. ಮುಂದೆ ಸುಮಾರು ಏಳು ದಶಕಗಳ ಕಾಲ ನಾಲ್ವರು ಪ್ರತಿನಿಧಿಗಳು ಒಬ್ಬರ ನಂತರ ಒಬ್ಬರು ಅವರ ಪರವಾಗಿ ಸಮುದಾಯದೊಡನೆ ವ್ಯವಹರಿಸಿದರು. 941ರಲ್ಲಿ ಕೊನೆಯ ಪ್ರತಿನಿಧಿ ತೀರಿಕೊಂಡಾಗ ಆ ಬಾಗಿಲೂ ಮುಚ್ಚಿತು. ಇಮಾಮರ ಸ್ವರವು ನೇರವಾಗಿ ಕೇಳಿಬರುವುದು ನಿಂತ ಮೇಲೆ ಉಳಿದದ್ದು ಕೇಳಿದವರಿಂದ ಕೇಳಿದವರ ಮಾತು. ಅಮಾಲಿ ಗ್ರಂಥಗಳು ಹುಟ್ಟಿಕೊಂಡದ್ದು ಈ ಮೌನದ ಅಂಚಿನಲ್ಲಿ. ಪ್ರೇಷಿತರಲ್ಲಿ ಕಡೆಯವರು ಕಣ್ಮುಚ್ಚಿದ ಮೇಲೆ ಎರಡನೆಯ ಶತಮಾನದ ಧರ್ಮಸಭೆಯು ಅನುಭವಿಸಿದ ತಳಮಳವನ್ನು ಬಲ್ಲವರಿಗೆ ಇದು ಅನ್ಯವಾಗಿ ತೋರದು.

ಈ ಬಗೆಯ ಗ್ರಂಥಗಳಲ್ಲಿ ಬಹಳ ಹೆಸರಾದದ್ದು ಶೇಖ್ ಸದೂಕ್ ಎಂದು ಖ್ಯಾತರಾದ ಇಬ್ನ್ ಬಾಬವಯ್ಹ್ ಅವರದು. ಕುಮ್ ನಗರದ ವಿದ್ವತ್ಕುಟುಂಬದಲ್ಲಿ ಹುಟ್ಟಿದ ಅವರು ಇಂದಿನ ತೆಹ್ರಾನಿನ ಸಮೀಪದ ರಯ್ಯ್‌ನಲ್ಲಿ ನೆಲೆಸಿ, 991ರಲ್ಲಿ ತೀರಿಕೊಂಡರು. ಶಾಸ್ತ್ರಜ್ಞನ ಸಂಪರ್ಕವಿಲ್ಲದವನಿಗಾಗಿ ಎಂಬ ಅರ್ಥದ ಶೀರ್ಷಿಕೆಯುಳ್ಳ ಅವರ ಧರ್ಮವಿಧಿಗಳ ಗ್ರಂಥವು ಶಿಯಾಗಳ ನಾಲ್ಕು ಪ್ರಮಾಣಗ್ರಂಥಗಳಲ್ಲಿ ಒಂದು. ಗುರು ಸಿಗದವನಿಗೆ ಪುಸ್ತಕವನ್ನು ಬರೆದವರೇ, ಗುರುವಿನ ಮುಂದೆ ಕೂರಬಲ್ಲವರಿಗಾಗಿ ಅಮಾಲಿಯನ್ನು ನುಡಿದರು ಎಂಬುದು ಗಮನಾರ್ಹ. ಅದರಲ್ಲಿ 97 ಮಜ್ಲಿಸುಗಳಿವೆ. ಹಿಜರಿ 367ರ ರಜಬ್ ತಿಂಗಳಲ್ಲಿ ಆರಂಭವಾಗಿ 368ರ ಶಅಬಾನ್ ತಿಂಗಳಲ್ಲಿ, ಅಂದರೆ ಕ್ರಿ.ಶ. 978–979ರಲ್ಲಿ, ಹೆಚ್ಚಾಗಿ ಮಂಗಳವಾರ ಮತ್ತು ಶುಕ್ರವಾರಗಳಂದು ಅವು ನಡೆದವು. ನಡುವೆ ಸದೂಕರು ಎಂಟನೆಯ ಇಮಾಮ್ ರಿಝಾರ ಸಮಾಧಿಯಿರುವ ಮಶ್‌ಹದಿಗೆ ಯಾತ್ರೆ ಹೋದರು; ಪಾಠವೂ ಜೊತೆಯಲ್ಲಿ ಹೋಯಿತು. ಮಜ್ಲಿಸಿನ ತಲೆಬರಹದಲ್ಲಿ ವಾರ, ತಿಂಗಳು, ವರ್ಷ, ಕೆಲವೊಮ್ಮೆ ಸ್ಥಳ ನಮೂದಾಗಿರುವುದರಿಂದ ಈ ಎಲ್ಲವನ್ನೂ ಇಂದಿಗೂ ಹೇಳಲು ಸಾಧ್ಯವಾಗಿದೆ.

ವಿಷಯಾನುಕ್ರಮವನ್ನು ನಿರೀಕ್ಷಿಸಿ ಈ ಗ್ರಂಥವನ್ನು ತೆರೆಯುವವನು ನಿರಾಶನಾಗುತ್ತಾನೆ. ಉಪವಾಸದ ಪುಣ್ಯ, ಅಲೀ ಅವರ ಮಹಿಮೆ, ನೆರೆಹೊರೆಯವರ ಹಕ್ಕು, ನಾಲಿಗೆಯ ನಿಗ್ರಹ, ಪ್ರವಾದಿಗಳ ಕಥೆಗಳು ಒಂದರ ಪಕ್ಕದಲ್ಲಿ ಒಂದು ಬರುತ್ತವೆ. ಅವುಗಳನ್ನು ಜೋಡಿಸಿರುವ ದಾರ ತರ್ಕದ್ದಲ್ಲ, ಪಂಚಾಂಗದ್ದು. ರಜಬ್ ತಿಂಗಳಲ್ಲಿ ರಜಬಿನ ಉಪವಾಸದ ಮಾತು. ಮೊಹರಂ ಬಂದಾಗ ಕರ್ಬಲಾದ ಮರಣವೃತ್ತಾಂತ. 680ರಲ್ಲಿ ಪ್ರವಾದಿಯ ಮೊಮ್ಮಗ ಹುಸೇನರು ಹತರಾದ ಕಥೆಯನ್ನು ಸದೂಕರು ಆ ದಿನಗಳು ಬಂದಾಗಲೇ ಹೇಳಿ ಬರೆಯಿಸಿದರು. ನಮ್ಮ ಆರಾಧನಾವರ್ಷದ ವಾಚನಗಳ ಕ್ರಮವನ್ನು ಬಲ್ಲವರು ಇದನ್ನು ತಟ್ಟನೆ ಗುರುತಿಸಿಯಾರು. 93ನೆಯ ಮಜ್ಲಿಸಿನಲ್ಲಿ ಮಾತ್ರ, ನೆರೆದವರ ಕೋರಿಕೆಯಂತೆ, ಇಮಾಮಿ ಧರ್ಮದ ವಿಶ್ವಾಸ ಮತ್ತು ಆಚಾರಗಳೆಲ್ಲದರ ಸಂಕ್ಷೇಪವನ್ನು ಅವರು ನುಡಿದಿದ್ದಾರೆ.

ಕ್ರೈಸ್ತ ಓದುಗನು ಇಲ್ಲಿ ತನ್ನ ಪ್ರಭುವನ್ನೂ ಎದುರುಗೊಳ್ಳುತ್ತಾನೆ. ಒಂದು ನಿರೂಪಣೆಯಂತೆ ಮರಿಯಳ ಮಗ ಈಸಾ ಒಂದು ಸಮಾಧಿಯ ಬಳಿ ಹಾದುಹೋಗುವಾಗ ಒಳಗಿದ್ದವನು ಯಾತನೆಯಲ್ಲಿದ್ದ. ಮರುವರ್ಷ ಅದೇ ದಾರಿಯಲ್ಲಿ ಬಂದಾಗ ಯಾತನೆ ನಿಂತಿತ್ತು. ಕಾರಣವೇನೆಂದು ಕೇಳಲಾಗಿ ದೇವರು ಉತ್ತರಿಸಿದನು: ಆತನ ಮಗ ಪ್ರಾಯಕ್ಕೆ ಬಂದು ಒಂದು ದಾರಿಯನ್ನು ಸರಿಪಡಿಸಿದ, ಒಬ್ಬ ಅನಾಥನಿಗೆ ಆಶ್ರಯ ಕೊಟ್ಟ, ಮಗನ ಕಾರ್ಯಕ್ಕಾಗಿ ತಂದೆಗೆ ಕ್ಷಮೆ ದೊರೆಯಿತು. ಇನ್ನೊಂದರಲ್ಲಿ ಮದುವೆಯ ಸಂಭ್ರಮವನ್ನು ಕಂಡು ಈ ವಧು ಇಂದು ರಾತ್ರಿ ಸಾಯುವಳೆಂದು ಈಸಾ ಹೇಳುತ್ತಾರೆ. ಬೆಳಗಾದಾಗ ಆಕೆ ಬದುಕಿದ್ದಾಳೆ. ಹಾಸಿಗೆಯ ಕೆಳಗೆ ಹಾವೊಂದಿದೆ. ಆ ರಾತ್ರಿ ಬಾಗಿಲಿಗೆ ಬಂದ ಭಿಕ್ಷುಕನಿಗೆ ಯಾರೂ ಕಿವಿಗೊಡದಿದ್ದಾಗ ಆಕೆಯೇ ಎದ್ದುಹೋಗಿ ದಾನ ಮಾಡಿದ್ದಳು. ಇಲ್ಲಿ ಪ್ರವಾದಿಯ ನುಡಿಗಿಂತಲೂ ದೇವರ ಕರುಣೆ ದೊಡ್ಡದು. ಯೋನನ ಗ್ರಂಥದಲ್ಲಿಯೂ ನಾವು ಇದನ್ನೇ ಓದುತ್ತೇವೆ. ಈ ಈಸಾ ನಮ್ಮ ಶುಭಸಂದೇಶಗಳ ಯೇಸುವಲ್ಲ. ಶಿಲುಬೆಯೂ ಪುನರುತ್ಥಾನವೂ ಇಲ್ಲದ ಚಿತ್ರವಿದು. ಅದನ್ನು ಮರೆಮಾಚಿ ಸೌಹಾರ್ದವನ್ನು ಬೆಳೆಸಬೇಕೆಂದು ನಾನು ಭಾವಿಸುವುದಿಲ್ಲ. ಆದರೆ ಸಾವಿರ ವರ್ಷಗಳ ಹಿಂದೆ ರಯ್ಯ್‌ನ ಒಬ್ಬ ಗುರುವು ಭಿಕ್ಷುಕನಿಗೆ ಬಾಗಿಲು ತೆರೆಯಬೇಕೆಂದು ಕಲಿಸಲು ಆತನ ಹೆಸರನ್ನೇ ಎತ್ತಿದನೆಂಬುದು ಸಣ್ಣ ಮಾತಲ್ಲ.

ಸರಪಣಿಯೇ ಎಷ್ಟು ಪೂಜ್ಯವಾಗಬಹುದೆಂಬುದಕ್ಕೆ ಸದೂಕರು ದಾಖಲಿಸಿರುವ ‘ಸುವರ್ಣ ಸರಪಣಿ’ಯ ಹದೀಸು ನಿದರ್ಶನ. ಇಮಾಮ್ ರಿಝಾ ನಿಶಾಪುರದ ಮೂಲಕ ಸಾಗುವಾಗ ಅಲ್ಲಿಯ ವಿದ್ವಾಂಸರು ಅವರನ್ನು ತಡೆದು ಒಂದು ನುಡಿಯನ್ನು ಬೇಡಿದರು. ಅವರು ತಮ್ಮ ತಂದೆಯಿಂದ, ಆ ತಂದೆಯು ತಮ್ಮ ತಂದೆಯಿಂದ ಎಂದು ತಲೆಮಾರುಗಳನ್ನು ಎಣಿಸುತ್ತ ಹುಸೇನರು, ಅಲೀ, ಪ್ರವಾದಿ, ದೇವದೂತ ಗಬ್ರಿಯೇಲ್, ಕಡೆಗೆ ದೇವರವರೆಗೆ ಏರಿ, ದೇವರ ಏಕತ್ವದ ಒಪ್ಪಿಗೆಯೇ ದೇವರ ಕೋಟೆಯೆಂದೂ ಅದರೊಳಗೆ ಬಂದವನು ಸುರಕ್ಷಿತನೆಂದೂ ನುಡಿದರು. ವಾಹನ ಮುಂದೆ ಸಾಗುವಾಗ, ಅದಕ್ಕೆ ಷರತ್ತುಗಳಿವೆ, ಅವುಗಳಲ್ಲಿ ನಾನೂ ಒಂದು ಎಂದು ಸೇರಿಸಿದರು. ಶಿಯಾ ದೈವಶಾಸ್ತ್ರವಿಡೀ ಆ ಸೇರಿಕೆಯಲ್ಲಿ ಅಡಗಿದೆ. ನುಡಿಯನ್ನು ಒಪ್ಪುವುದೆಂದರೆ ಅದನ್ನು ತಂದವನನ್ನೂ ಒಪ್ಪುವುದು.

ಆದರೆ ಸರಪಣಿಯು ಏನನ್ನು ಖಚಿತಪಡಿಸಬಲ್ಲದು? ಯಾರು ಯಾರಿಂದ ಕೇಳಿದರೆಂಬುದನ್ನು. ಕೇಳಿದ್ದು ಸತ್ಯವೇ ಎಂಬುದನ್ನಲ್ಲ. ಈ ಮಾತನ್ನು ನಿರ್ದಾಕ್ಷಿಣ್ಯವಾಗಿ ಎತ್ತಿದವರು ಸದೂಕರ ಶಿಷ್ಯರಲ್ಲಿಯೇ ಒಬ್ಬರಾದ ಬಾಗ್ದಾದಿನ ಶೇಖ್ ಮುಫೀದ್ (ಮರಣ 1022). ಸದೂಕರ ವಿಶ್ವಾಸಸಂಗ್ರಹವನ್ನು ತಿದ್ದಲೆಂದೇ ಅವರು ಒಂದು ಕೃತಿಯನ್ನು ರಚಿಸಿದರು. ಕೇಳಿದ್ದನ್ನೆಲ್ಲ ಪರೀಕ್ಷಿಸದೆ ದಾಟಿಸುವವರ ಮೇಲೆ ಅವರ ಆಕ್ಷೇಪ ಕಟುವಾದದ್ದು. ವಿವೇಚನೆಗೆ ವಿರುದ್ಧವಾದುದನ್ನು ಸನದಿನ ಬಲದಿಂದ ಮಾತ್ರ ಒಪ್ಪಬೇಕಾಗಿಲ್ಲ ಎಂಬುದು ಅವರ ನಿಲುವು. ಹಾಗೆಂದು ಅವರು ಮಜ್ಲಿಸನ್ನು ತೊರೆಯಲಿಲ್ಲ. ಹಿಜರಿ 404ರಿಂದ 411ರವರೆಗೆ, ಬಹುತೇಕ ರಂಜಾನ್ ತಿಂಗಳುಗಳಲ್ಲಿ, ಅವರು ನಡೆಸಿದ 42 ಮಜ್ಲಿಸುಗಳ ಅಮಾಲಿ ನಮಗೆ ಉಳಿದಿದೆ. ಅದರಲ್ಲಿ ಸದೂಕರಿಂದ ಕೇಳಿದ ಹದೀಸುಗಳೂ ಇವೆ. ಗುರುವನ್ನು ತಿದ್ದುತ್ತಲೇ ಗುರುವಿನ ಹೆಸರನ್ನು ಸರಪಣಿಯಲ್ಲಿ ಉಳಿಸಿಕೊಳ್ಳುವ ಈ ಶಿಸ್ತು ನನ್ನನ್ನು ಬಹುವಾಗಿ ಆಕರ್ಷಿಸಿದೆ. ಮುಫೀದರ ಶಿಷ್ಯ ಶರೀಫ್ ಮುರ್ತಝಾರ ಅಮಾಲಿಯೂ ಪ್ರಸಿದ್ಧವೇ. ಆದರೆ ಕಾವ್ಯ, ಭಾಷೆ, ಕುರ್‌ಆನ್ ವ್ಯಾಖ್ಯಾನಗಳೇ ಅದರಲ್ಲಿ ಪ್ರಧಾನವಾದುದರಿಂದ ಇಲ್ಲಿ ಅದನ್ನು ವಿಸ್ತರಿಸುವುದಿಲ್ಲ.

ಮುಫೀದರ ಇನ್ನೊಬ್ಬ ಶಿಷ್ಯ ತೂಸೀ. ಖುರಾಸಾನಿನಿಂದ ಬಾಗ್ದಾದಿಗೆ 1017ರ ಸುಮಾರಿಗೆ ಬಂದ ಅವರು ಗುರುವಿನ ಸನ್ನಿಧಿಯಲ್ಲಿ ಇದ್ದದ್ದು ಐದು ವರ್ಷ ಮಾತ್ರ. ಕಾಲಕ್ರಮದಲ್ಲಿ ಅವರೇ ಸಮುದಾಯದ ಅಗ್ರಗಣ್ಯ ವಿದ್ವಾಂಸರಾದರು. 1055ರಲ್ಲಿ ಸೆಲ್ಜುಕರು ಬಾಗ್ದಾದನ್ನು ಪ್ರವೇಶಿಸಿದ ಬಳಿಕ ನಡೆದ ಗಲಭೆಗಳಲ್ಲಿ ಅವರ ಮನೆ ಲೂಟಿಯಾಯಿತು. ಅವರ ಪುಸ್ತಕಗಳನ್ನೂ ಪಾಠ ಹೇಳಲು ಕೂರುತ್ತಿದ್ದ ಪೀಠವನ್ನೂ ಸುಟ್ಟರು. ಅವರು ನಜಫಿಗೆ, ಅಲೀ ಅವರ ಸಮಾಧಿಯ ನೆರಳಿಗೆ, ಹೊರಟುಹೋದರು. ಅಲ್ಲಿ, ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಹಿಜರಿ 455ರಿಂದ 458ರ ನಡುವೆ, ಅಂದರೆ 1063ರಿಂದ 1066ರವರೆಗೆ, ಅವರು ಹೇಳಿ ಬರೆಯಿಸಿದ ಹದೀಸುಗಳೇ ತೂಸಿಯವರ ಅಮಾಲಿ; ಅದು ಈಗ 46 ಮಜ್ಲಿಸುಗಳಾಗಿ ವಿಭಜಿತವಾಗಿದೆ. ಅದರ ಆರಂಭದ ಭಾಗಗಳಲ್ಲಿ ಪುಟಪುಟಕ್ಕೂ ಮುಫೀದರ ಹೆಸರು ಬರುತ್ತದೆ. ಗುರು ತೀರಿಹೋಗಿ ನಾಲ್ಕು ದಶಕಗಳಾಗಿದ್ದವು, ಗ್ರಂಥಭಂಡಾರ ಬೂದಿಯಾಗಿತ್ತು. ‘ಅವರು ನಮಗೆ ಹೇಳಿದರು’ ಎಂಬ ಕ್ರಿಯಾಪದ ಮಾತ್ರ ಸುಟ್ಟಿರಲಿಲ್ಲ. ಕೇಳಿ ಬರೆದುಕೊಂಡವರಲ್ಲಿ ಅವರ ಮಗ ಅಬೂ ಅಲೀ ಹಸನ್ ಒಬ್ಬರು. ಗ್ರಂಥದ ಬಹುಭಾಗವು ನಮಗೆ ತಲುಪಿರುವುದು ಅವರ ಮೂಲಕ.

ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿ ಇಟ್ಟು ಓದಬೇಕು. ಪ್ರವಾದಿ ನುಡಿದನು, ಬಾರೂಕನು ಬರೆದನು. ಅರಸ ಯೆಹೋಯಾಕೀಮನು ಸುರುಳಿಯನ್ನು ಕತ್ತರಿಸಿ ಕತ್ತರಿಸಿ ಅಗ್ಗಿಷ್ಟಿಕೆಗೆ ಎಸೆದನು. ಪ್ರವಾದಿಯು ಮತ್ತೊಮ್ಮೆ ಹೇಳಿದನು, ಬಾರೂಕನು ಮತ್ತೊಮ್ಮೆ ಬರೆದನು. ಎರಡನೆಯ ಸುರುಳಿಯಲ್ಲಿ ಮೊದಲಿನದಕ್ಕಿಂತ ಹೆಚ್ಚಿನ ಮಾತುಗಳಿದ್ದವು. ಪವಿತ್ರಗ್ರಂಥವು ತನ್ನ ಹುಟ್ಟನ್ನು ತಾನೇ ಹೀಗೆ ತೋರಿಸಿಕೊಳ್ಳುವ ಸ್ಥಳಗಳು ವಿರಳ. ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ ತೆರ್ತಿಯನೆಂಬ ಲಿಪಿಕಾರನು ಕ್ಷಣಕಾಲ ತಲೆಯೆತ್ತಿ ತನ್ನ ವಂದನೆಯನ್ನೂ ಸೇರಿಸುತ್ತಾನೆ. ವಿಶ್ವಾಸವು ಕೇಳುವುದರಿಂದ ಹುಟ್ಟುತ್ತದೆಂದು ಪೌಲನು ಅದೇ ಪತ್ರದ 10ನೆಯ ಅಧ್ಯಾಯದಲ್ಲಿ ನುಡಿದಾಗಲೂ ಬರೆಯುತ್ತಿದ್ದದ್ದು ಆ ಕೈಯೇ. ಇನ್ನು ಸಂತ ಇರೇನಿಯಸರು ತಮ್ಮ ಬಾಲ್ಯದ ಒಡನಾಡಿ ಫ್ಲೋರಿನಸನಿಗೆ ಬರೆದ ಪತ್ರ. ಪೊಲಿಕಾರ್ಪರು ಕುಳಿತು ಬೋಧಿಸುತ್ತಿದ್ದ ಜಾಗ, ಅವರು ಬರುತ್ತಿದ್ದ ಹೋಗುತ್ತಿದ್ದ ರೀತಿ, ಯೊವಾನ್ನರೊಡನೆ ತಮಗಿದ್ದ ಒಡನಾಟವನ್ನು ಅವರು ಹೇಳುತ್ತಿದ್ದ ಬಗೆ, ಎಲ್ಲವೂ ತಮಗೆ ನಿನ್ನೆಯದಕ್ಕಿಂತ ಸ್ಪಷ್ಟವೆಂದೂ, ತಾವು ಅದನ್ನು ಕಾಗದದ ಮೇಲಲ್ಲ, ಹೃದಯದಲ್ಲಿ ಬರೆದುಕೊಂಡೆವೆಂದೂ ಅವರು ಅಲ್ಲಿ ಹೇಳಿಕೊಂಡಿದ್ದಾರೆ. ಅಮಾಲಿಯ ತಲೆಬರಹದಲ್ಲಿ ಇರುವುದೂ ಇದೇ: ಯಾರು, ಎಲ್ಲಿ, ಯಾವಾಗ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಯೊವಾನ್ನನ ಶುಭಸಂದೇಶದ ಮೇಲೆ ಮಾಡಿದ ಪಾಠಗಳು ನಮಗೆ ಉಳಿದಿರುವುದು ಸೋದರ ರೆಜಿನಾಲ್ಡರು ಕೇಳಿ ಬರೆದುಕೊಂಡದ್ದರಿಂದ.

ಹಾಗಾದರೆ ವ್ಯತ್ಯಾಸವೆಲ್ಲಿ? ಗ್ರಂಥ ಮತ್ತು ವ್ಯಕ್ತಿಗಳ ನಡುವೆ ಅಲ್ಲ. ಎರಡು ಕಡೆಯಲ್ಲಿಯೂ ಎರಡೂ ಇವೆ. 1965ರ ‘ದೇಯಿ ವೆರ್ಬುಮ್’ ಎಂಬ ವ್ಯಾಟಿಕನ್ ಮಹಾಸಭೆಯ ದಾಖಲೆಯಂತೆ, ಪ್ರೇಷಿತರು ದಾಟಿಸಿದ್ದು ಮಾತುಗಳನ್ನು ಮಾತ್ರವಲ್ಲ. ಧರ್ಮಸಭೆಯು ತನ್ನ ಬೋಧನೆಯಲ್ಲಿ, ಜೀವನದಲ್ಲಿ, ಆರಾಧನೆಯಲ್ಲಿ ತಾನು ಏನಾಗಿರುವುದೋ ಅದೆಲ್ಲವನ್ನೂ ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತದೆ. ನಮ್ಮ ಪಾಲಿಗೆ ಸರಪಣಿಯ ಮೊದಲ ಕೊಂಡಿಯು ಮೌನವಾಗಿಲ್ಲ. ಪುನರುತ್ಥಾನಗೊಂಡಾತನು ಪವಿತ್ರಾತ್ಮರ ಮೂಲಕ ಇಂದಿಗೂ ಮಾತನಾಡುತ್ತಿದ್ದಾನೆಂದು ನಾವು ವಿಶ್ವಾಸಿಸುತ್ತೇವೆ. ಶಿಯಾಗಳೂ ತಮ್ಮ ಇಮಾಮರು ಜೀವಂತರೆಂದೇ ನಂಬುತ್ತಾರೆ. ಆದರೆ ಅವರು ಮರೆಯಲ್ಲಿದ್ದಾರೆ, ಅವರ ಪುನರಾಗಮನವನ್ನು ಸಮುದಾಯವು ಕಾಯುತ್ತಿದೆ. ವ್ಯತ್ಯಾಸವಿರುವುದು ಆ ಮರೆಯನ್ನು ಅರ್ಥಮಾಡಿಕೊಳ್ಳುವುದರಲ್ಲಿ. ಇದನ್ನು ಒಪ್ಪಿದರೆ ನಮ್ಮ ಮೇಲೆ ಹೊರೆಯೊಂದು ಬೀಳುತ್ತದೆ. ಪವಿತ್ರಾತ್ಮರ ನೆರವನ್ನು ನೆಚ್ಚಿಕೊಂಡು, ಯಾರಿಂದ ಕೇಳಿದೆವೆಂಬ ಲೆಕ್ಕವನ್ನು ಇಡದಷ್ಟು ಉದಾಸೀನರಾಗಿದ್ದೇವೆಯೇ? ನಮ್ಮ ತರಗತಿಗಳಲ್ಲಿಯೂ ಉಕ್ತಲೇಖನ ನಡೆಯುತ್ತದೆ. ವರ್ಷದಿಂದ ವರ್ಷಕ್ಕೆ ನಕಲಾಗುವ ಆ ‘ನೋಟ್ಸ್’ಗಳಲ್ಲಿ ಹೇಳಿದವರ ಹೆಸರೂ ಇಲ್ಲ, ದಿನಾಂಕವೂ ಇಲ್ಲ.

ಹಂಗಾರಕಟ್ಟೆಯ ಸುತ್ತಿನ ಕರಾವಳಿಯ ಮುಸಲ್ಮಾನರು ಸುನ್ನಿಗಳು. ಅಮಾಲಿಯ ಹೆಸರು ಇಲ್ಲಿ ಕಿವಿಗೆ ಬೀಳುವುದು ಅಪರೂಪ. ಕರ್ನಾಟಕದ ಒಳನಾಡಿನಲ್ಲಿ ಸ್ಥಿತಿ ಬೇರೆ. 1502ರಲ್ಲಿ ಬಿಜಾಪುರದ ಯೂಸುಫ್ ಆದಿಲ್ ಖಾನನು ಶಿಯಾ ಪಂಥವನ್ನು ರಾಜ್ಯದ ಧರ್ಮವೆಂದು ಸಾರಿದನು. ಮುಂದಿನ ಅರಸರ ಕಾಲದಲ್ಲಿ ಅದು ಬದಲಾಗುತ್ತ ಹೋಯಿತು. ಕಲಬುರಗಿಯ ಬಂದೇನವಾಜರು (ಮರಣ 1422) ಸುನ್ನಿ ಸೂಫಿಗಳು. ಆದರೂ ಅವರ ಮಾತುಗಳನ್ನು ಕೂಟಕೂಟವಾಗಿ ಮಗ ಅಕ್ಬರ್ ಹುಸೇನಿ ಬರೆದಿಟ್ಟ ‘ಜವಾಮಿಉಲ್ ಕಲಿಮ್’ ಎಂಬ ಗ್ರಂಥವು ರೂಪದಲ್ಲಿ ಅಮಾಲಿಯ ದಾಯಾದಿ. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಶಿಯಾಗಳು ಮೊಹರಂ ತಿಂಗಳಲ್ಲಿ ನಡೆಸುವ ಶೋಕಸಭೆಗಳಿಗೆ ಇಂದಿಗೂ ‘ಮಜ್ಲಿಸ್’ ಎಂದೇ ಹೆಸರು. ವಿಜಯಪುರ, ಕಲಬುರಗಿ, ರಾಯಚೂರು ಸೀಮೆಯಲ್ಲಾದರೋ ಹಿಂದೂಗಳೂ ಮುಸಲ್ಮಾನರೂ ಕೂಡಿ ಹಸನ್–ಹುಸೇನರ ಕಥೆಯನ್ನು ಕನ್ನಡದಲ್ಲಿ ಹಾಡುತ್ತಾರೆ. ಆ ಹಾಡುಗಳಿಗೆ ‘ರಿವಾಯತ್ ಪದ’ ಎನ್ನುತ್ತಾರೆ. ರಿವಾಯತ್ ಎಂದರೆ ಕೇಳಿದ್ದನ್ನು ದಾಟಿಸುವುದು. ಸದೂಕರೂ ತೂಸಿಯವರೂ ತಮ್ಮ ಕೆಲಸಕ್ಕೆ ಬಳಸುತ್ತಿದ್ದ ಪಾರಿಭಾಷಿಕ ಪದವೇ ಅದು.

ಆ ಜಿಲ್ಲೆಗಳಿಂದ ಬಂದಿರುವ ನಮ್ಮ ವಿದ್ಯಾರ್ಥಿಗಳಿಗೆ ಮುಂದಿನ ರಜೆಗೆ ಒಂದು ಕೆಲಸವನ್ನು ಒಪ್ಪಿಸಿದ್ದೇನೆ. ಊರಿನ ಮೇಳದವರ ಬಳಿ ಕುಳಿತು ಒಂದು ರಿವಾಯತ್ ಪದವನ್ನು ಕೇಳಿ ಬರೆದುಕೊಂಡು ಬರಬೇಕು. ಹಾಡನ್ನು ಬರೆಯುವ ಮೊದಲು ಹಾಳೆಯ ನೆತ್ತಿಯಲ್ಲಿ ಹಾಡಿದವರ ಹೆಸರು, ಅವರು ಯಾರಿಂದ ಕಲಿತರು, ಯಾವ ಊರು, ಯಾವ ದಿನ ಎಂಬುದನ್ನು ನಮೂದಿಸಬೇಕು.